ಅವ್ವ ಅನ್ನ ಬಿಟ್ಟಿದ್ದಾಳೆಂದು ಅವರು ನಂಬಿದ್ದರು

ಮನೆಯ ಮುಂದೆ ಅಷ್ಟೊಂದು ಚಪ್ಪಲಿ ನೋಡಿ ಅವ್ವ ಹೋದಳು ಅಂದುಕೊಂಡೆ.

ಅವತ್ತು ಶನಿವಾರ. ಹುಕ್ಕೇರಿಯ ಕಾಲೇಜಿನಲ್ಲಿ ಬೆಳಗಿನ ಪಾಠ ಮುಗಿಸಿ ಹಾಗೆಯೇ ಬಸ್ಸು ಹತ್ತಿದ್ದೆ. ಗೋಕಾಕದಲ್ಲಿ ಬಸ್ಸು ಬದಲಿಸಿ, ಮೂಡಲಗಿಯಲ್ಲಿ ಇಳಿದು, ಅಲ್ಲಿಂದ ಒಳಗಿನ ನಮ್ಮೂರಿಗೆ ಗೊಬ್ಬರದ ಚೀಲ ಹೇರಿದ್ದ ಟೆಂಪೋದಲ್ಲಿ ಕೂತು ಬಂದಿದ್ದೆ. ಅಂಗಳದ ತುಂಬ ಗೋವಿನಜೋಳ ಹರವಿತ್ತು. ಸಾವಾದ ಮನೆಯಲ್ಲಿ ಯಾರೂ ಕಾಳು ಒಣಗಿಸುತ್ತ ಕೂರುವುದಿಲ್ಲ ಎಂದು ಹೊಳೆದಾಗ ಜೀವ ಬಂತು. ಒಳಗೆ ಹೆಂಗಸರು ಒಂದೇ ದನಿಯಲ್ಲಿ ಣಮೋಕಾರ ಮಂತ್ರ ಹೇಳುತ್ತಿದ್ದರು.

ಅಪ್ಪನ ತಂಗಿ, ನಮ್ಮ ಅತ್ತೆ, ಬಾಗಿಲಿಗೆ ಬಂದು ಅಡ್ಡ ನಿಂತಳು. ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಮನೆಯ ಮಡಿ, ನೇಮ, ಉಪವಾಸ ಎಲ್ಲ ಅವಳ ಕೈಯಲ್ಲಿ. ಅವಳ ಮುಖದಲ್ಲಿ ದುಃಖ ಕಾಣಲಿಲ್ಲ. ಬೀಗರನ್ನು ಎದುರುಗೊಳ್ಳುವಾಗ ಹೆಂಗಸರ ಮುಖದಲ್ಲಿರುತ್ತದಲ್ಲ, ಅಂಥ ಕಳೆ ಇತ್ತು.

"ಬಂದ್ಯಾ? ಮೊದಲ ಹಿತ್ತಲಕ ಹೋಗಿ ಜಳಕಾ ಮಾಡು. ಬಸ್ಸಿನ ಮೈಲೆ ಒಳಗ ಹೋಗಬ್ಯಾಡ. ನಿಮ್ಮವ್ವ ದೊಡ್ಡ ಮನಸ್ಸ ಮಾಡ್ಯಾಳ."

"ಏನ ದೊಡ್ಡ ಮನಸ್ಸ?"

"ಅನ್ನಾ ಬಿಟ್ಟಾಳ. ನಿನ್ನಿಯಿಂದ ನೀರೂ ಬಿಟ್ಟಾಳ. ಯಾರೂ ಹೇಳಿಲ್ಲ, ಕೇಳಿಲ್ಲ. ತಾನಾ ಬಿಟ್ಟಾಳ."

ನಮ್ಮ ಜೈನರಲ್ಲಿ ಸಲ್ಲೇಖನ ಎಂಬ ವ್ರತವಿದೆ. ಇನ್ನು ಬದುಕುವುದಿಲ್ಲ ಎಂದು ತಿಳಿದವರು ಗುರುಗಳ ಅಪ್ಪಣೆ ಪಡೆದು, ಒಂದೊಂದೇ ಆಹಾರ ಬಿಟ್ಟು, ಕಡೆಗೆ ನೀರೂ ಬಿಟ್ಟು, ಎಚ್ಚರದಲ್ಲಿ ಪ್ರಾಣ ಬಿಡುತ್ತಾರೆ. ಅದನ್ನು ನಾನು ಹಗುರವಾಗಿ ಆಡಲಾರೆ. ನಮ್ಮ ಅಜ್ಜ ಹಾಗೆಯೇ ಹೋದವನು. ಹೊಲದ ಬದುವಿಗಾಗಿ ವರ್ಷಗಟ್ಟಲೆ ಕಾದಾಡಿದ ಬಾಜೂ ಹೊಲದವನನ್ನು ಕರೆಸಿ, ಅವನ ಕೈ ಹಿಡಿದು ಕ್ಷಮೆ ಕೇಳಿ, ಆಮೇಲೆ ಹಾಲು ಬಿಟ್ಟಿದ್ದ. ಅವನನ್ನು ಕೂತ ಭಂಗಿಯಲ್ಲಿಯೇ ಪಲ್ಲಕ್ಕಿಯಲ್ಲಿಟ್ಟು ಹೊತ್ತಾಗ ಕೊಣ್ಣೂರಿನಿಂದಲೂ ಜನ ಬಂದಿದ್ದರು. ಅಲ್ಲಿಂದ ನಮ್ಮ ಮನೆಗೆ ಬೇರೆಯೇ ಒಂದು ಮಾನ ಬಂತು. ಬಸದಿಯಲ್ಲಿ ದೊಡ್ಡಪ್ಪನಿಗೆ ಮುಂದಿನ ಸಾಲಿನಲ್ಲಿ ಜಾಗ ಬಿಡುತ್ತಿದ್ದರು. ಆ ಜಾಗ ಅವನಿಗೆ ಬಹಳ ಹಿತವಾಗಿತ್ತು.

ಆದರೆ ಅವ್ವ? ಸಂಜೆ ಹೊಲದಿಂದ ಬರುವುದು ತಡವಾಗಿ, ಹೊತ್ತು ಮುಳುಗಿದ ಮೇಲೂ ಎರಡು ತುತ್ತು ಉಂಡದ್ದಕ್ಕೆ ಅತ್ತೆಯ ಬಾಯಲ್ಲಿ ವರ್ಷವಿಡೀ ಅನ್ನಿಸಿಕೊಂಡವಳು. ಉಳ್ಳಾಗಡ್ಡಿ ಮುಟ್ಟಬಾರದ ಚಾತುರ್ಮಾಸದಲ್ಲಿ ನಮ್ಮನ್ನು ಹಿತ್ತಲಲ್ಲಿ ಕೂರಿಸಿ ಉಳ್ಳಾಗಡ್ಡಿ ಹಾಕಿದ ಜುಣಕ ಕೊಟ್ಟವಳು. ದವಾಖಾನೆಯ ಮಂಚದ ಮೇಲಿಂದ ನನ್ನನ್ನು ಹತ್ತಿರ ಕರೆದು, "ಗಾಯಾ ಮಾಯ್ದಮ್ಯಾಲ ನನಗೊಂದ ಹೊಸಾ ಇಲಕಲ್ ಸೀರಿ ತಗೋ. ಆ ಕಡೆ ಸೆರಗ ದಪ್ಪ ಇರಬೇಕ ನೋಡು, ಯಾರಿಗೂ ಗೊತ್ತಾಗಬಾರದು," ಎಂದವಳು. ಗೊತ್ತಾಗಬಾರದಿದ್ದದ್ದು, ಡಾಕ್ಟರು ಅವಳ ಎಡಮೊಲೆ ತೆಗೆದಿದ್ದರೆಂಬುದು. ಸೀರೆಯ ಸೆರಗಿನ ಬಗ್ಗೆ ಲೆಕ್ಕ ಹಾಕುವವಳು ವಾರದೊಳಗೆ ನೀರು ಬಿಡುತ್ತಾಳೆಯೇ?

ಜಳಕಕ್ಕೆ ಹೋಗದೆ ಒಳಗೆ ನಡೆದೆ. ಅತ್ತೆ ಹಿಂದಿನಿಂದ, "ಏ, ಏ, ಮುಟ್ಟಬ್ಯಾಡ," ಎನ್ನುತ್ತಲೇ ಬಂದಳು.

ನಡುಮನೆಯ ತುಂಬ ಬಿಳಿ ಸೀರೆಯ ಹೆಂಗಸರು ಕೂತಿದ್ದರು. ಧೂಪದ ಹೊಗೆ ಕಣ್ಣು ಕಟ್ಟುವಷ್ಟು. ಆ ಹೊಗೆಯ ಕೆಳಗೆ ಇನ್ನೊಂದು ವಾಸನೆ ಇತ್ತು. ಹೊಲದಲ್ಲಿ ಬೆಳೆದವರಿಗೆ ಅದು ಗೊತ್ತು. ಎತ್ತಿನ ಹೆಗಲ ಹುಣ್ಣಿಗೆ ಹುಳ ಬೀಳುವ ಮುಂಚೆ ಬರುವ ವಾಸನೆ. ಇಷ್ಟು ಜನ ರೈತರ ಹೆಂಡಿರು, ರೈತರ ತಾಯಂದಿರು, ಅದನ್ನು ಮೂಗಿನಲ್ಲಿ ಎಳೆದುಕೊಂಡೇ ಮಂತ್ರ ಹೇಳುತ್ತಿದ್ದರು.

ಅವ್ವನಿಗೆ ಎರಡು ಕೌದಿ ಹೊದಿಸಿದ್ದರು. ಮಳೆ ಹೋದ ಮೇಲಿನ ಆ ಬಿಸಿಲಿಗೆ ನನ್ನ ಕುಪ್ಪಸ ಬೆನ್ನಿಗೆ ಅಂಟಿತ್ತು. ಅವಳು ಕೌದಿಯೊಳಗೆ ನಡುಗುತ್ತಿದ್ದಳು. ಹಣೆ ಹೆಂಚಿನಂತೆ ಸುಡುತ್ತಿತ್ತು, ಕೈ ಮಾತ್ರ ಗಡಿಗೆಯ ನೀರಿನಷ್ಟು ತಣ್ಣಗೆ. ಉಸಿರು ಗಿಡ್ಡ ಗಿಡ್ಡವಾಗಿ, ಓಡಿ ಬಂದವರ ಹಾಗೆ. "ಅವ್ವಾ," ಅಂದೆ. ಕಣ್ಣು ತೆರೆದು ನನ್ನನ್ನು ನೋಡಿ, ಎಂದೋ ತೀರಿಹೋದ ತನ್ನ ತಂಗಿಯ ಹೆಸರು ಹಿಡಿದು ಕರೆದಳು. "ಹಾಲ ಉಕ್ಕಾಕತ್ತೈತಿ, ಇಳಸ," ಅಂದಳು.

"ನೋಡಿದಿ? ಹೋದವರು ಕಾಣಾಕತ್ತಾರ," ಎಂದು ಯಾರೋ ಮೆಲ್ಲಗೆ ಅಂದರು. ಅದರಲ್ಲಿ ಹೊಟ್ಟೆಕಿಚ್ಚಿನಂಥದು ಏನೋ ಇತ್ತು.

ನಾನು ಕೌದಿ ಸರಿಸಿದೆ. ಅತ್ತೆ ನನ್ನ ಮುಂಗೈ ಹಿಡಿದಳು. "ಎಲ್ಲಾರ ಮುಂದ ಎದಿ ಬಿಚ್ಚತಿ? ನಾಚಿಕಿ ಐತಿಲ್ಲೊ ನಿನಗ?"

"ಎಲ್ಲಾರನ್ನ ಹೊರಗ ಕಳಿಸು ಹಂಗಾರ."

ಯಾರೂ ಏಳಲಿಲ್ಲ. ನಾನು ಬಿಚ್ಚಿದೆ. ಪಟ್ಟಿಯನ್ನು ಮೂರ್ನಾಲ್ಕು ದಿನದಿಂದ ಬದಲಿಸಿರಲೇ ಇಲ್ಲ. ಹಳದಿ ಹತ್ತಿ ಒಣಗಿ ಮೈಗೆ ಹತ್ತಿಕೊಂಡಿತ್ತು. ಹೊಲಿಗೆಯ ಸುತ್ತ ಚರ್ಮ ಬಿಗಿದು ಹೊಳೆಯುತ್ತಿತ್ತು. ಕೆಂಪು ಅಷ್ಟಕ್ಕೇ ನಿಂತಿರಲಿಲ್ಲ. ಕಂಕುಳ ದಾಟಿ ತೋಳಿಗೆ ಇಳಿದಿತ್ತು, ಹಿಂದೆ ಬೆನ್ನಿಗೂ ಹರಡಿತ್ತು. ಒಂದು ಹೊಲಿಗೆಯ ಸಂದಿಯಿಂದ ಕೀವು ಜಿನುಗುತ್ತಿತ್ತು. ನಾನು ಕೈ ಹತ್ತಿರ ಒಯ್ದರೆ ಸಾಕು, ಮುಟ್ಟದೆಯೇ ಬಿಸಿ ತಾಗುತ್ತಿತ್ತು.

ನಾನು ಓದಿದ್ದು ಇತಿಹಾಸ, ಕಲಿಸುವುದೂ ಇತಿಹಾಸ. ಇದನ್ನು ಗುರುತಿಸಲು ವೈದ್ಯಕೀಯ ಓದಬೇಕಾಗಿರಲಿಲ್ಲ. ಬೆಳಗಾವಿಯ ದವಾಖಾನೆಯಿಂದ ಮನೆಗೆ ಬಿಡುವಾಗ ಅಲ್ಲಿಯ ಡಾಕ್ಟರು ಹೊರಗಿನ ಪಡಸಾಲೆಯಲ್ಲಿ ನಿಂತು ಎರಡು ಮಾತು ಹೇಳಿದ್ದರು. ಅಪ್ಪನೂ ನಾನೂ ಜೊತೆಗೇ ಕೇಳಿದ್ದೆವು. ಮೊದಲನೆಯದು, ರೋಗ ಕಂಕುಳ ಗಂಟುಗಳಿಗೆ ಹತ್ತಿದೆ, ಗಾಯ ಮಾಯ್ದ ಮೇಲೆ ಔಷಧಿ, ರೇಡಿಯೇಶನ್ನಿನ ಕರೆಂಟು ಎಲ್ಲ ಕೊಡಬೇಕಾಗುತ್ತದೆ. ಎರಡನೆಯದು, ಜ್ವರ ಬಂದರೆ, ಚಳಿ ನಡುಕ ಬಂದರೆ, ಗಾಯ ಕೆಂಪಾಗಿ ಬಿಸಿಯಾದರೆ, ವಾಸನೆ ಬಂದರೆ, ಕೀವು ಸೋರಿದರೆ, ಆಳು ಮಂಕಾದರೆ, ದಾರಿ ಕಾಯಬೇಡಿ, ಹತ್ತಿರದ ದೊಡ್ಡ ದವಾಖಾನೆಗೆ ಕೂಡಲೇ ಒಯ್ಯಿರಿ. ಅಪ್ಪ ಎರಡಕ್ಕೂ ತಲೆಯಾಡಿಸಿದ. ಅವನ ಕಿವಿ ಮೊದಲನೆಯ ಮಾತಿಗೇ ಮುಚ್ಚಿಹೋಗಿತ್ತೆಂದು ಆಮೇಲೆ ತಿಳಿಯಿತು.

ಕ್ಯಾನ್ಸರ್ ಎಂಬ ಶಬ್ದವನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಅನ್ನಲಿಲ್ಲ. 'ಆ ಬ್ಯಾನಿ' ಅನ್ನುತ್ತಿದ್ದರು. ಆದರೆ ಬಾಯಿಗೆ ಬಾರದ ಆ ಶಬ್ದ ಮನೆಯಲ್ಲಿದ್ದ ಉಳಿದೆಲ್ಲ ಕಾರಣಗಳನ್ನೂ ತಿಂದುಹಾಕಿತ್ತು. ಜ್ವರ ಬಂತು, ಆ ಬ್ಯಾನಿಯ ಕಾವು. ವಾಸನೆ ಬಂತು, ಆ ಬ್ಯಾನಿಯ ವಾಸನೆ ಹಾಗೇ ಇರುತ್ತದೆ. ಅವ್ವನ ಬಾಯಿ ಕಹಿಯಾಗಿ, ಗಂಜಿಯ ಬಟ್ಟಲು ದೂಡಿ, "ಸಾಕು, ನನಗೇನೂ ಬ್ಯಾಡ," ಅಂದಳು. ಅದೊಂದು ಮಾತು ಅತ್ತೆಯ ಕಿವಿಗೆ ಬಿದ್ದಿದ್ದೇ ತಡ, ವೈರಾಗ್ಯವಾಯಿತು. ಮರುದಿನಕ್ಕೆ ಅದು ಓಣಿಗೆ ಗೊತ್ತು, ಅದರ ಮರುದಿನಕ್ಕೆ ಊರಿಗೆ. ಗಾಯದ ಪಟ್ಟಿ ಬದಲಿಸಲು ಬರುತ್ತಿದ್ದ ಕಾಂಪೌಂಡರನನ್ನು ಅತ್ತೆಯೇ ಬಾಗಿಲಲ್ಲಿ ತಡೆದು ಕಳಿಸಿದಳಂತೆ. ವ್ರತದಲ್ಲಿರುವವಳ ಮೈ ಪರಗಂಡಸು ಮುಟ್ಟುವುದೇ? ಗುಳಿಗೆಗಳೂ ನಿಂತವು. ಅನ್ನ ಬಿಟ್ಟವರಿಗೆ ಗುಳಿಗೆ ಯಾಕೆ?

ಅಪ್ಪ ಮತ್ತು ದೊಡ್ಡಪ್ಪ ಅಂಗಳದಲ್ಲಿದ್ದರು. ಅಪ್ಪ ಬರಿಗಾಲಲ್ಲಿ ಗೋವಿನಜೋಳದಲ್ಲಿ ನಡೆಯುತ್ತ, ಕಾಳನ್ನು ಕಾಲಿನಿಂದಲೇ ತಿರುವಿಹಾಕುತ್ತಿದ್ದ. ದೊಡ್ಡಪ್ಪ ಕಟ್ಟೆಯ ಮೇಲೆ, ಸುತ್ತ ನಾಲ್ಕೈದು ಗಂಡಸರು. ಅವ್ವನ ವ್ರತದ ಬ್ಯಾನರಿಗೆ ಅವಳ ಯಾವ ಫೋಟೋ ಹಾಕುವುದೆಂದು ಮಾತು ನಡೆದಿತ್ತು.

"ಮದುವಿದು ಬ್ಯಾಡೋ ಮಾರಾಯಾ, ಅದರಾಗ ಮಾರಿ ಸಿಟ್ಟಲೆ ಐತಿ," ದೊಡ್ಡಪ್ಪ ಹೇಳುತ್ತಿದ್ದ.

"ಸಮ್ಮೇದಗಿರಿ ಯಾತ್ರಾಕ್ಕ ಹೋದಾಗ ತಗಸಿದ್ದ ಐತೆಲ್ರಿ ಅಣ್ಣಾ. ಅದರಾಗ ಶಾಂತ ಅದಾರ."

"ಅದರಾಗ ಬಾಜೂಕ ನಾ ಅದೇನಲ್ಲೊ."

"ನಿಮ್ಮನ್ನ ಕತ್ತರಿಸಿದ್ರಾತು, ಅದಕ್ಕೇನ!" ಎಂದು ಒಬ್ಬ ಅಂದ. ನಕ್ಕರು. ದೊಡ್ಡಪ್ಪನೂ ನಕ್ಕ.

"ಜೀಪಿನ ಚಾವಿ ಕೊಡ್ರಿ," ನಾನು ಅಂದೆ. "ಅವ್ವನ ಗಾಯಾ ಕೀತೈತಿ. ಗೋಕಾಕಕ್ಕ ಒಯ್ಯಬೇಕು. ಈಗಾ."

ದೊಡ್ಡಪ್ಪ ಕನ್ನಡಕ ತೆಗೆದು ಧೋತರದ ಅಂಚಿನಲ್ಲಿ ಒರೆಸಿದ. "ಕೂಡು. ಹುಕ್ಕೇರಿಯಿಂದ ದಣದ ಬಂದೀದಿ. ನೀರ ಕುಡಿ."

"ನನಗ ನೀರ ಬ್ಯಾಡ. ಒಳಗ ಇದ್ದಾಕಿಗೆ ಕೊಡ್ರಿ."

"ನೋಡ್ ತಂಗಿ, ನೀ ಕಲತಾಕಿ, ನಾಕ ಮಂದಿಗೆ ಕಲಿಸಾಕಿ. ತಿಳಕೊ. ಆ ಬ್ಯಾನಿ ಆದವರು ಉಳದದ್ದ ನಾ ಕಂಡಿಲ್ಲ. ದವಾಖಾನ್ಯಾಗ ಸೂಜಿ ಚುಚ್ಚಿಸಿಕೊಂಡು, ಮೂಗಿನಾಗ ನಳಿಗಿ ಹಾಕಿಸಿಕೊಂಡು ಸಾಯೋದು ಚೊಲೊನೋ, ಹಿಂಗ ಮಂತ್ರಾ ಕೇಳಕೋತ ಹೋಗೋದು ಚೊಲೊನೋ?"

"ಸಾಯಾಕತ್ತಿದ್ರ ಕೇಳ್ರಿ ಆ ಮಾತ. ಆಕಿ ಸಾಯಾಕತ್ತಿಲ್ಲ, ನಾವು ಸಾಯಸಾಕತ್ತೇವಿ."

ನಾನು ಅಪ್ಪನ ಹತ್ತಿರ ಹೋದೆ. "ಅಪ್ಪಾ, ಡಾಕ್ಟರ್ ಜ್ವರದ ಮಾತ ಹೇಳಿದ್ರಿಲ್ಲೊ? ನೀನೂ ಇದ್ದಿ."

ಅಪ್ಪ ಕಾಲು ನಿಲ್ಲಿಸಲಿಲ್ಲ. ಕಾಳು ಸರ್ರ್ ಎಂದು ಎರಡು ಕಡೆ ಸರಿಯುತ್ತಿತ್ತು. "ಜ್ವರ ಅಂದಿದ್ರು ಖರೆ. ಆದ್ರ ಇದು ಜ್ವರ ಅಲ್ಲ ಅಂತಾಳಲ್ಲ ನಿಮ್ಮತ್ತಿ. ಕಾವು ಅಂತಾಳ."

"ನೀ ಮುಟ್ಟಿ ನೋಡೀಯೇನ?"

ಮುಟ್ಟಿರಲಿಲ್ಲ. ಅವಳಿದ್ದ ಕೋಣೆಗೆ ಮಡಿಯಿಲ್ಲದೆ ಹೋಗುವಂತಿರಲಿಲ್ಲ. ಮಡಿಯುಟ್ಟು ಹೋದರೂ ಹೆಂಗಸರ ನಡುವೆ ಗಂಡ ಹೆಂಡತಿಯ ಹಣೆ ಮುಟ್ಟುವುದು ಹೇಗೆ? ಅಷ್ಟು ವರ್ಷ ಕೂಡಿ ಬಾಳಿದವನು ತನ್ನ ಹೆಂಡತಿಗೆ ಜ್ವರವೋ ಕಾವೋ ಎಂಬುದನ್ನು ತಂಗಿಯ ಬಾಯಿಂದ ಕೇಳಿ ತಿಳಿದುಕೊಳ್ಳುತ್ತಿದ್ದ.

ಆ ಹೊತ್ತಿಗೆ ನನಗೊಂದು ತಿಳಿಯಿತು. ಕೆಂಪು, ಕೀವು, ನಡುಕ ಎಂದು ನಾನು ಎಷ್ಟು ಕೂಗಿದರೂ ಈ ಅಂಗಳದಲ್ಲಿ ಅದಕ್ಕೆ ಬೆಲೆ ಇಲ್ಲ. ಇವರ ಮಾತಿನಲ್ಲಿಯೇ ಇವರನ್ನು ಹಿಡಿಯಬೇಕು. ಆ ವರ್ಷ ನಮ್ಮೂರ ಬಸದಿಯಲ್ಲಿ ಒಬ್ಬ ಮಾತಾಜಿ ಚಾತುರ್ಮಾಸಕ್ಕೆ ಉಳಿದಿದ್ದರು. ದೀಕ್ಷೆ ತೆಗೆದುಕೊಂಡ ಸಾಧ್ವಿ. ದಿನಕ್ಕೆ ಒಂದೇ ಊಟ, ಎಲ್ಲಿಗೆ ಹೋದರೂ ಕಾಲ್ನಡಿಗೆ. ದೊಡ್ಡಪ್ಪನ ಮಾತಿಗಿಂತ ಭಾರವಾದ ಮಾತು ಆ ಊರಿನಲ್ಲಿ ಅವರೊಬ್ಬರದೇ ಇತ್ತು.

"ಅವ್ವ ವ್ರತಾ ತಗೊಂಡಾಳ ಅಂತೀರಿ. ಕೊಟ್ಟವರ್‍ಯಾರು?" ಎಂದು ದೊಡ್ಡಪ್ಪನನ್ನು ಕೇಳಿದೆ.

ಯಾರೂ ಕೊಟ್ಟಿರಲಿಲ್ಲ. ಮಾತಾಜಿಯವರಿಗೆ ಸುದ್ದಿ ಮುಟ್ಟಿಸಿ ಆಶೀರ್ವಾದಕ್ಕೆ ಕರೆಯುವ ವಿಚಾರ ನಾಳೆಗೆ ಇತ್ತಂತೆ. ಮರುದಿನ ಭಾನುವಾರ, ದೂರದ ಬೀಗರೆಲ್ಲ ಬರಲು ಅನುಕೂಲ. ಇದನ್ನು ಬರೆಯುವಾಗಲೂ ನನ್ನ ಹಲ್ಲು ಕಚ್ಚಿಕೊಳ್ಳುತ್ತವೆ. ನನ್ನವ್ವನ ರಕ್ತ ವಿಷವಾಗುತ್ತಿತ್ತು. ಅವರು ಬೀಗರ ಅನುಕೂಲ ನೋಡುತ್ತಿದ್ದರು.

ಬಸದಿಗೆ ಓಡಿದೆ. ಜಳಕವಿಲ್ಲದ ಮೈಯಲ್ಲಿ ಒಳಗೆ ಹೋಗುವಂತಿರಲಿಲ್ಲ. ಮೆಟ್ಟಿಲ ಕೆಳಗೇ ನಿಂತು, ನೆರಳಿನಲ್ಲಿ ಕೂತು ಓದುತ್ತಿದ್ದ ಮಾತಾಜಿಯವರಿಗೆ ಕೇಳುವಂತೆ ಜೋರಾಗಿ ಹೇಳಿದೆ. ಏನು ಹೇಳಿದೆನೋ ಸರಿಯಾಗಿ ನೆನಪಿಲ್ಲ. ಅವರು ಕೇಳಿದ್ದು ಮಾತ್ರ ನೆನಪಿದೆ.

"ನಿಮ್ಮ ತಾಯಿ ತಾವಾಗಿ ಕೇಳಿದ್ದಾರೇನು?"

"ಇಲ್ರಿ. ಅವರಿಗೆ ಯಾರ ಗುರುತೂ ಹತ್ತವಲ್ದು."

ಅವರು ಪುಸ್ತಕ ಮಡಚಿ, ನವಿಲುಗರಿಯ ಪಿಂಛಿ ಕೈಗೆತ್ತಿಕೊಂಡು ಎದ್ದರು. ಅವರ ನಡಿಗೆ ನೆಲದ ಇರುವೆ ನೋಡಿಕೊಂಡು ಇಡುವ ನಡಿಗೆ. ಎರಡು ಓಣಿಯ ದಾರಿ. ಅವರ ಹಿಂದೆ ನಡೆಯುತ್ತ, ಒಂದು ಇರುವೆಗೂ ನೋವಾಗದಂತೆ ಹೆಜ್ಜೆ ಇಡುವ ಆ ಕಾಲುಗಳನ್ನು ನೋಡುತ್ತ, ಅವರನ್ನು ಹಿಂದಿನಿಂದ ದೂಡಬೇಕೆನ್ನುವಷ್ಟು ಸಿಟ್ಟು ನನಗೆ ಬಂದಿತ್ತು. ಅದೂ ಖರೆ, ಬರೆಯುತ್ತೇನೆ.

ಅವರು ಬಂದಾಗ ಮನೆಯವರು ತಾವೇ ಕರೆಸಿದಂತೆ ಸಂಭ್ರಮಪಟ್ಟರು. ಮಂತ್ರದ ದನಿ ಏರಿತು. ಮಾತಾಜಿ ಅವ್ವನ ಮಂಚದ ಹತ್ತಿರ ಕೂತು, ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

"ಏನು ಬಿಟ್ಟಿದ್ದೀರಿ ತಾಯಿ?"

ಅವ್ವ ಮೇಲೆ ತೊಲೆ ನೋಡುತ್ತಿದ್ದಳು. "ಹಾಲ," ಅಂದಳು.

ಅತ್ತೆ ಗೆದ್ದವಳಂತೆ ನನ್ನ ಕಡೆ ತಿರುಗಿದಳು. "ಕೇಳಿದಿ? ಹಾಲ ಬಿಟ್ಟೇನಿ ಅಂತಾಳ."

"ಯಾಕೆ ಬಿಟ್ಟಿರಿ?" ಮಾತಾಜಿ ಮತ್ತೆ ಕೇಳಿದರು.

"ಉಕ್ಕಿ ಒಲಿಯಾಗ ಬಿತ್ತಲ್ಲ. ಬೆಕ್ಕ ಬಂತ ನೋಡ, ಹೊಡಿ ಅದನ್ನ," ಎಂದು ಅವ್ವ ಕೈ ಎತ್ತಲು ಹೋದಳು. ಕೈ ಏಳಲಿಲ್ಲ.

ಮಾತಾಜಿ ಎದ್ದು ನಿಂತು, ಯಾರ ಮುಖವನ್ನೂ ನೋಡದೆ ಹೇಳಿದರು: "ಇವರಿಗೆ ಎಚ್ಚರವಿಲ್ಲ. ಎಚ್ಚರವಿಲ್ಲದವರಿಗೆ ವ್ರತವಿಲ್ಲ. ಇದು ಜ್ವರ. ವೈದ್ಯರ ಹತ್ತಿರ ಒಯ್ಯಿರಿ. ನನ್ನ ಹೆಸರು ಇದರಲ್ಲಿ ಸೇರಿಸಬೇಡಿ."

ಚಾವಿ ಬಂತು. ಜೀಪು ಬಂತು. ಕಟ್ಟೆಯ ಮೇಲಿದ್ದ ಗಂಡಸರೇ ಅವ್ವನನ್ನು ಕೌದಿಯ ಸಮೇತ ಎತ್ತಿ ತಂದರು, ಹರವಿದ ಗೋವಿನಜೋಳ ತುಳಿದುಕೊಂಡೇ. ಮಡಿ ಎಲ್ಲಿ ಹೋಯಿತೋ. ನಾನು ಎದೆ ಬಡಿದುಕೊಂಡು ಹೇಳಿದ್ದನ್ನೇ ಬಿಳಿ ಸೀರೆಯೊಂದು ಹೇಳಿತು, ಎಲ್ಲರಿಗೂ ಕಿವಿ ಬಂತು. ಮಾತಾಜಿ ಆ ವರ್ಷ ಬೇರೆ ಯಾವ ಊರಿನಲ್ಲಾದರೂ ಉಳಿದಿದ್ದರೆ? ಇದನ್ನು ನಾನು ಎಷ್ಟು ಸಲ ಕೇಳಿಕೊಂಡಿದ್ದೇನೋ. ಬಸ್ಸಿನಲ್ಲಿ, ಪಾಠದ ನಡುವೆ, ಪಲ್ಯಕ್ಕೆ ಒಗ್ಗರಣೆ ಹಾಕುವಾಗ. ಪ್ರತಿ ಸಲವೂ ಆ ಜೀಪು ನಿಂತಲ್ಲೇ ನಿಂತಿರುತ್ತದೆ, ಪ್ರತಿ ಸಲವೂ ಚಾವಿ ದೊಡ್ಡಪ್ಪನ ಜೇಬಿನಲ್ಲೇ ಇರುತ್ತದೆ.

ಗೋಕಾಕದ ದಾರಿ ತುಂಬ ಗುಂಡಿಗಳು. ಹಿಂದಿನ ಸೀಟಿನಲ್ಲಿ ಅವ್ವನ ತಲೆ ನನ್ನ ತೊಡೆಯ ಮೇಲೆ, ಕಾಲು ಅತ್ತೆಯ ತೊಡೆಯ ಮೇಲೆ. ಜೀಪು ಕುಕ್ಕಿದಾಗಲೆಲ್ಲ ಅವ್ವ ನರಳುತ್ತಿದ್ದಳು. ಅತ್ತೆ ತುಟಿ ಅಲುಗಿಸುತ್ತ ಮಂತ್ರ ಹೇಳುತ್ತಲೇ ಇದ್ದಳು. ನಾನು, "ಸಾಕ ಮಾಡು," ಅಂದೆ. "ನಾ ಏನ ಮಾಡ್ಲಿ ಮತ್ತ?" ಎಂದು ಅವಳು ಅಳತೊಡಗಿದಳು. ಅವಳು ಅತ್ತಿದ್ದು ಅವ್ವನಿಗಾಗಿಯೋ, ಊರೆದುರು ಆದ ಅವಮಾನಕ್ಕೋ, ಕೇಳುವ ಮನಸ್ಸಾಗಲಿಲ್ಲ.

ಅಲ್ಲಿಯ ದವಾಖಾನೆಯ ಡಾಕ್ಟರು ರಕ್ತದೊತ್ತಡ ನೋಡಿದವರೇ ನರ್ಸಿಗೆ ಕೂಗಿ ಹೇಳಿ ಎರಡೂ ಕೈಗೆ ಸಲೈನು ಹಚ್ಚಿಸಿದರು. ಹೊಲಿಗೆಗಳನ್ನು ಕತ್ತರಿಸಿದಾಗ ಹೊರಬಂದದ್ದನ್ನು ಹಿಡಿಯಲು ಒಂದು ಟ್ರೇ ಸಾಲಲಿಲ್ಲ. ಅಪ್ಪ ಅಲ್ಲಿಯೇ ಗೋಡೆಗೆ ಆತು ಕೂತುಬಿಟ್ಟ.

"ಇದು ಕ್ಯಾನ್ಸರ್ ಅಲ್ರಿ ಯಜಮಾನ್ರ," ಡಾಕ್ಟರು ಕೈಗವಸು ತೆಗೆಯುತ್ತ ಅಂದರು. "ಇದು ಕೀವು. ಗಾಯದಾಗ ನಂಜಾಗಿ ರಕ್ತಕ್ಕ ಏರೈತಿ. ಮೈಯಾಗ ಬ್ಯಾರೆ ಏನ ಇರಲಿ, ಇವತ್ತ ಇವರನ್ನ ಒಯ್ಯಾಕತ್ತಿದ್ದು ಇದು."

"ಉಳಿತಾಳೇನ್ರಿ?"

"ಈಗ ಹೇಳಾಕ ಬರಂಗಿಲ್ಲ. ಇಷ್ಟ ಆಗೂತನಾ ಮನ್ಯಾಗ ಏನ ಮಾಡಾಕತ್ತಿದ್ರಿ?"

ಅಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. "ಮಂತ್ರಾ ಹೇಳಾಕತ್ತಿದ್ವಿ," ಅಂದ.

ಡಾಕ್ಟರು ಅವನನ್ನು ಒಂದು ಕ್ಷಣ ನೋಡಿದರು. ಬಯ್ಯುತ್ತಾರೆ ಅಂದುಕೊಂಡೆ. ಬಯ್ಯಲಿಲ್ಲ. ಬೈದಿದ್ದರೆ ಅಪ್ಪನಿಗೆ ಹಗುರಾಗುತ್ತಿತ್ತೇನೋ.

ಅವ್ವನಿಗೆ ಗುರುತು ಮರಳಿದ್ದು ಮರುದಿನದ ಸಂಜೆ. ಕಿಟಕಿಯಾಚೆ ಹೊತ್ತು ಮುಳುಗಿತ್ತು. ಒಣಗಿ ಸೀಳಿದ್ದ ತುಟಿ ತೆರೆದು, ನನ್ನ ಹೆಸರೇ ಹಿಡಿದು, ನೀರು ಕೇಳಿದಳು. ನಾನು ಚಮಚ ಎತ್ತಿದಾಗ ಅಭ್ಯಾಸಬಲದಿಂದ ಅತ್ತೆಯ ಬಾಯಿಂದ, "ಹೊತ್ತ ಮುಳಗೇತಿ," ಎಂದು ಬಂದೇಬಿಟ್ಟಿತು. ತಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡಳು. ಅವ್ವ ಕಣ್ಣು ಅವಳ ಮೇಲೆ ಇಟ್ಟುಕೊಂಡೇ ನೀರು ಕುಡಿದಳು. ಚಮಚ ಸಾಲದೆ, ಲೋಟಕ್ಕೆ ಬಾಯಿ ಹಚ್ಚಿ ಕುಡಿದಳು.

ಅವ್ವ ಉಳಿದಳು. ಬೆಳಗಾವಿಯ ಡಾಕ್ಟರರೊಂದಿಗೆ ಫೋನಿನಲ್ಲಿ ಮಾತಾಡಿ ಗೋಕಾಕದ ಡಾಕ್ಟರು ಅಲ್ಲಿಯೇ ಇಟ್ಟುಕೊಂಡು ನೋಡಿದರು. ಗಾಯ ತೆರೆದೇ ಮಾಯಬೇಕಾಯಿತು, ಬಹಳ ನಿಧಾನವಾಗಿ. ಅದರಿಂದಾಗಿ ಮುಂದಿನ ಔಷಧಿಯೂ ತಡವಾಯಿತು. ಕೆಲವು ವರ್ಷಗಳ ಮೇಲೆ ಆ ಬ್ಯಾನಿ ಎಲುಬಿನಲ್ಲಿ ಮರಳಿ ಬಂದು ಅವಳನ್ನು ಒಯ್ದಿತು. ಆ ತಡವೇ ಕಾರಣವೋ ಅಲ್ಲವೋ ಯಾವ ಡಾಕ್ಟರೂ ಹೇಳಲಿಲ್ಲ. ನಾನು ಕೇಳುವುದನ್ನು ಬಿಟ್ಟೆ. ಆದರೆ ಆಪರೇಶನ್ ಆದವರನ್ನು ಮಾತಾಡಿಸಲು ಯಾರದೇ ಮನೆಗೆ ಹೋಗಲಿ, ಚಹಾ ಮುಟ್ಟುವ ಮೊದಲು ಅವರ ಹಣೆ ಮುಟ್ಟುತ್ತೇನೆ, ಆಮೇಲೆ ಕೈ. ಗಾಯ ಯಾರು ನೋಡುತ್ತಿದ್ದಾರೆ ಎಂದು ಕೇಳುತ್ತೇನೆ. ಕಣಗಲಾ ಊರಿನ ನನ್ನ ನಾದಿನಿ ಒಮ್ಮೆ ಬಾಣಂತಿ ಮಗಳ ಮುಂದೆಯೇ, "ವೈನಿ ಬಂದ್ರಂದ್ರ ಪೊಲೀಸ್ ಬಂದಂಗ," ಅಂದಳು. ಅನ್ನಲಿ.

ಈ ಕಥೆ ಊರಿನಲ್ಲಿ ಬೇರೆ ಥರ ನಿಂತಿದೆ. ಅವ್ವ ವ್ರತಕ್ಕೆ ಕೂತಿದ್ದಳು, ಆಯುಷ್ಯ ಇನ್ನೂ ಇದೆ ಎಂದು ಮಾತಾಜಿ ಜ್ಞಾನದಿಂದ ಕಂಡು ಎಬ್ಬಿಸಿದರು, ಮಂತ್ರದ ಬಲಕ್ಕೆ ನಂಜು ಇಳಿಯಿತು. ಹೇಳುವವಳು ಅತ್ತೆಯೇ. ಅದರಲ್ಲಿ ಕೀವಿಲ್ಲ, ಕಾಂಪೌಂಡರನಿಲ್ಲ, ಗೋಕಾಕದ ಡಾಕ್ಟರಂತೂ ಇಲ್ಲವೇ ಇಲ್ಲ. ಯಾರೂ ಕೆಟ್ಟ ಮನಸ್ಸಿನಿಂದ ಮಾಡಲಿಲ್ಲ ಎಂದು ಇಲ್ಲಿ ಬರೆಯಬೇಕು, ಅದು ನಿಜವೂ ಹೌದು. ಬರೆದಿದ್ದೇನೆ. ಇದಕ್ಕಿಂತ ಹೆಚ್ಚು ಔದಾರ್ಯ ನನ್ನಲ್ಲಿಲ್ಲ.

ಅವ್ವ ಮನೆಗೆ ಬಂದ ಮೇಲೆ ನೋಡಬೇಕಿತ್ತು. ಕೋಣೆಯಲ್ಲಿ ಸಾಯುತ್ತ ಮಲಗಿದ್ದಾಗ ಅವಳ ಪಾದ ಮುಟ್ಟಿ ನಮಸ್ಕರಿಸಿ ಹೋದ ಹೆಂಗಸರು ಈಗ ಬಾಗಿಲಲ್ಲೇ ನಿಂತು, "ಅರಾಮೇನ್ರಿ?" ಎಂದು ಕೇಳಿ ಹೋಗುತ್ತಿದ್ದರು. ಏನನ್ನೋ ಕೊಡುತ್ತೇನೆಂದು ಕರೆದು ಬರಿಗೈಯಲ್ಲಿ ಕಳಿಸಿದ್ದಾಳೆ ಎಂಬಂತೆ. ಅತ್ತೆಗೆ ಮತ್ತೆ ಅವ್ವನ ಕೈಯ ಉಪ್ಪು ಹೆಚ್ಚಾಗತೊಡಗಿತು. ನಾನು ನಡೆದದ್ದನ್ನೆಲ್ಲ ಬಿಡದೆ ಹೇಳಿದೆ. ಅವ್ವ, "ನಿಮ್ಮ ಅತ್ತಿನೂ ಕಾಲ ಮುಟ್ಟಿದಳೇನ?" ಎಂದು ಕೇಳಿದಳು. ಹೌದಂತೆ ಅಂದೆ. "ಥೂ, ಎಚ್ಚರ ಇರಬೇಕಿತ್ತ ನನಗ," ಅಂದಳು. ನಕ್ಕಳು. ನನಗೆ ನಗು ಬರಲಿಲ್ಲ.

ಬೆಳಗಾವಿಯಲ್ಲಿ ಔಷಧಿ ಶುರುವಾಗುವ ಮೊದಲಿನ ಒಂದು ದಿನ. ಹೊತ್ತಿದ್ದಾಗಲೇ ಸಂಜೆಯ ಊಟಕ್ಕೆ ಎಲ್ಲರೂ ಕೂತಿದ್ದೆವು. ದೊಡ್ಡಪ್ಪನೂ ಇದ್ದ. ಬಡಿಸುತ್ತಿದ್ದ ಅತ್ತೆ ಅವ್ವನ ಮುಂದೆ ರೊಟ್ಟಿ ಹಿಡಿದು, "ಬೇಕೋ ಬ್ಯಾಡೋ?" ಅಂದಳು. ಎಂದಿನಂತೆ ಕೇಳಿದ್ದೇ. ಅವ್ವ ತಾಟಿನಿಂದ ಕೈ ತೆಗೆದಳು.

"ಎಲ್ಲಾರೂ ಇದ್ದೀರಿ, ಒಂದ ಮಾತ ಹೇಳತೇನಿ. ಆ ಔಷಧಕ್ಕ ಬಾಯಿ ಕೆಡತೈತಂತ, ಅನ್ನಾ ಸೇರಂಗಿಲ್ಲಂತ. ನಾಳೆ ನಾ ತಾಟ ದೂಡಿದೆ ಅಂದ್ರ ಅದು ಹಸಿವಿಲ್ಲ ಅಂತ ತಿಳ್ಕೋರಿ. ಮೈ ಬಿಸಿ ಆತಂದ್ರ ಜ್ವರ ಅಂತ ತಿಳ್ಕೋರಿ. ವ್ರತಾ ತಗೊಳ್ಳೋದಿದ್ರ ನಾನಾ ನಿಮ್ಮನ್ನ ಕುಂಡ್ರಿಸಿಕೊಂಡು ಬಾಯಿಬಿಟ್ಟು ಹೇಳತೇನಿ. ನನ್ನ ಬಾಯಾಗ ನೀವು ಹೇಳಬ್ಯಾಡ್ರಿ."

ಅತ್ತೆಯ ಕೈಯಲ್ಲಿ ರೊಟ್ಟಿ ಹಾಗೇ ಇತ್ತು. "ನಾವೇನ ನಿನ್ನ ಕೊಲ್ಲಾಕ ನಿಂತಿದ್ವೇನ ವೈನಿ?"

"ಇಲ್ಲ," ಅವ್ವ ಅಂದಳು. "ಕುಂತಿದ್ರಿ."

ದೊಡ್ಡಪ್ಪ ಕೆಮ್ಮಿದ. ಅಪ್ಪ ತನ್ನ ಮುಂದಿದ್ದ ಮಜ್ಜಿಗೆಯ ಲೋಟವನ್ನು ಅವಳ ಕಡೆ ಸರಿಸಿದ. ಅವ್ವ ಅದನ್ನು ಮುಟ್ಟಲಿಲ್ಲ. ಅತ್ತೆಯ ಕೈಯಿಂದ ರೊಟ್ಟಿ ತಾನೇ ತೆಗೆದುಕೊಂಡು, ಮುರಿದು, ಬದನೆಕಾಯಿಯ ಎಣ್ಣೆಗೆ ಒತ್ತಿ ಒತ್ತಿ ತಿಂದಳು. ಗಾಯದ ಕಡೆಯ ತೋಳು ಇನ್ನೂ ಪೂರ್ತಿ ಏಳುತ್ತಿರಲಿಲ್ಲ. ತಾಟನ್ನು ಮೊಳಕಾಲಿಗೆ ಒತ್ತಿ ಹಿಡಿದುಕೊಂಡಿದ್ದಳು. ಮುಗಿದ ಮೇಲೆ ಇನ್ನೊಂದು ಕೇಳಿದಳು. ಅದು ಗಂಟಲಲ್ಲಿ ಇಳಿಯುತ್ತಿಲ್ಲ ಎಂಬುದು ಎದುರು ಕೂತ ನನಗೆ ಕಾಣುತ್ತಿತ್ತು. ಅತ್ತೆಯ ಮುಖ ನೋಡುತ್ತಲೇ, ಒಂದು ಚೂರೂ ಬಿಡದೆ, ಅದನ್ನೂ ತಿಂದಳು.